ಅಸಲಿಗಿಂತ ಬಡ್ಡಿ ಮೇಲೆ ಯಾಕಿಷ್ಟು ಪ್ರೀತಿ?

ಮಕ್ಕಳಿಗಿಂತ ಮೊಮ್ಮಕ್ಕಳ ಮೇಲೆ ಮುದ್ದು ಜಾಸ್ತಿಯಾದಾಗ ಹಿರಿಯರು ಹೇಳೋ ಮಾತೊಂದಿದೆ: ಅಸಲಿಗಿಂತ ಬಡ್ಡಿ ಮೇಲೆ ಪ್ರೀತಿ. ಇದು ಬರೀ ಮಾತಾ?

2021ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೇಮ್ಸ್ ರಿಲ್ಲಿಂಗ್ ತಂಡ 50 ಅಜ್ಜಿಯರಿಗೆ ಫೋಟೊ ತೋರಿಸಿ, ಮಿದುಳಿನ ಸ್ಕ್ಯಾನ್ ಮಾಡಿತು. ಮೊಮ್ಮಗುವಿನ ಫೋಟೊ ಕಂಡಾಗ, ಇನ್ನೊಬ್ಬರ ಖುಷಿ-ನೋವನ್ನ ನಮ್ಮದೇ ಅನ್ನಿಸೋ ಹಾಗೆ ಮಾಡೋ ಭಾಗಗಳು ಚುರುಕಾದವು. ಬೆಳೆದ ಮಗ ಅಥವಾ ಮಗಳ ಫೋಟೊ ಕಂಡಾಗ? 'ಇವರ ತಲೇಲಿ ಏನು ಓಡ್ತಿದೆ' ಅಂತ ಅರ್ಥ ಮಾಡ್ಕೊಳ್ಳೋ ಭಾಗಗಳ ಕೆಲಸ ಹೆಚ್ಚು ಕಾಣಿಸಿತು. ಹಾಗಂತ ನಮ್ಮ ಮೇಲೆ ಪ್ರೀತಿ ಕಮ್ಮಿ ಅಂತಲ್ಲ, ಬೇಜಾರಾಗಬೇಡಿ!

ನನಗೆ ಮಾತ್ರ ಸ್ಕ್ಯಾನಿಗಿಂತ ನಮ್ಮವ್ವನ ಲೆಕ್ಕವೇ ಹೆಚ್ಚು ಸರಿ ಅನ್ಸುತ್ತೆ. ಕೊಪ್ಪಳಕ್ಕೆ ಅಂಟಿಕೊಂಡಿರೋ ನಮ್ಮ ಭಾಗ್ಯನಗರ ನೇಕಾರರ ಊರು. ಅವ್ವನೂ ಮಗ್ಗದ ಕೆಲಸ ಮಾಡ್ತಾನೇ ನಮ್ಮನ್ನ ಸಾಕಿದವಳು. ನಾನು ಯಾವಾಗ ನಡೆಯೋಕೆ ಶುರು ಮಾಡಿದೆ ಅಂದ್ರೆ ನೆನಪಿಲ್ಲ. ಅಣ್ಣನ ಮಗಳಿಗೆ ಮೊದಲ ಹಲ್ಲು ಬಂದದ್ದು ಮಾತ್ರ ವಾರದ ಸಮೇತ ಹೇಳ್ತಾಳೆ. ಕೇಳಿದ್ರೆ, "ಆವಾಗ ನಿಮ್ಮನ್ನ ನೋಡಾಕ ಪುರುಸೊತ್ತು ಎಲ್ಲಿತ್ತಪಾ? ಕೈ ಮಗ್ಗದಾಗ, ಕಣ್ಣು ನೂಲಿನ ಮ್ಯಾಲ."

ಈಗ ಪುರುಸೊತ್ತಿದೆ. ಆದರೆ ಜೂನ್‌ನಲ್ಲಿ ಅಣ್ಣ ಮಗಳನ್ನ ಶಾಲೆಗೆ ಹಾಕೋಕೆ ಬೆಂಗಳೂರಿಗೆ ಕರ್ಕೊಂಡು ಹೋಗ್ತಾನೆ. ಅದಕ್ಕೇ ಅವ್ವ ದಿನಾ ಸಂಜೆ ವಿಡಿಯೊ ಕಾಲ್ ಮಾಡೋದು ಕಲೀತಿದ್ದಾಳೆ. ಹೇಳಿಕೊಡ್ತಿರೋದು ಆ ನಾಲ್ಕು ವರ್ಷದ ಮೊಮ್ಮಗಳೇ.