‘ಟ್ರೋಜನ್’ ಅಂದ್ರೆ ಏನು? ಮದುವೆ ಕರೆಯೋಲೆ ಒತ್ತುವ ಮುನ್ನ ಓದಿ

ಹುಲ್ಲಹಳ್ಳಿ: ವಾಟ್ಸಾಪ್‌ಗೆ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತೆ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತ ಇದ್ದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಹೀಗೆ ವೇಷ ಹಾಕಿ ಬರುವ ಕಳ್ಳ ಆ್ಯಪ್‌ಗಳಿಗೆ ‘ಟ್ರೋಜನ್’ ಅಂತ ಹೆಸರು.

ಈ ಹೆಸರು ಬಂದಿದ್ದು ಗ್ರೀಕ್ ಪುರಾಣದಿಂದ. ಟ್ರಾಯ್ ಎಂಬ ಕೋಟೆ ಊರನ್ನು ಗ್ರೀಕರು 10 ವರ್ಷ ಮುತ್ತಿದರೂ ಗೆಲ್ಲಲಾಗಲಿಲ್ಲ. ಕೊನೆಗೆ ದೊಡ್ಡ ಮರದ ಕುದುರೆ ಮಾಡಿ, ಅದರ ಹೊಟ್ಟೆಯೊಳಗೆ ಸೈನಿಕರನ್ನು ಅಡಗಿಸಿಟ್ಟು, ಹಡಗು ಹತ್ತಿ ಹೋದಂತೆ ನಟಿಸಿದರು. ಟ್ರಾಯ್ ಜನ ಕುದುರೆಯನ್ನು ತಾವೇ ಒಳಗೆ ಎಳೆದುಕೊಂಡರು. ರಾತ್ರಿ ಸೈನಿಕರು ಇಳಿದು ಕೋಟೆ ಬಾಗಿಲು ತೆರೆದರು. ಊರು ನಾಶವಾಯಿತು.

ಟ್ರೋಜನ್ ಅಂದರೆ ನಿಜವಾಗಿ ಟ್ರಾಯ್‌ನವರು, ಅಂದರೆ ಮೋಸ ಹೋದವರು! ‘ಟ್ರೋಜನ್ ಕುದುರೆ’ ಎಂಬ ಮಾತು 1970ರ ದಶಕದಲ್ಲಿ ಕಂಪ್ಯೂಟರ್ ಲೋಕಕ್ಕೆ ಬಂತು. ಆಮೇಲೆ ಕುದುರೆ ಬಿಟ್ಟುಹೋಗಿ ಟ್ರೋಜನ್ ಅಷ್ಟೇ ಉಳಿಯಿತು.

ಮೊಬೈಲ್‌ನಲ್ಲೂ ಅದೇ ಕಥೆ, ಬಾಗಿಲು ತೆರೆಯುವವರು ನಾವೇ. ‘ಇನ್‌ಸ್ಟಾಲ್’ ಒತ್ತಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಕಳ್ಳರಿಗೆ ಸಿಗುತ್ತೆ. ಅಂಗಡಿ ವ್ಯಾಪಾರದ ಹಣವಿರುವ ಖಾತೆಯೂ ಖಾಲಿಯಾಗಬಹುದು.

ಪರಿಚಯದವರ ನಂಬರ್‌ನಿಂದ ಬಂದರೂ ಮೊದಲು ಫೋನ್ ಮಾಡಿ ಕೇಳಿ. ಒತ್ತಿಬಿಟ್ಟಿದ್ದರೆ ತಕ್ಷಣ ನೆಟ್ ಆಫ್ ಮಾಡಿ, ಬೇರೆ ಫೋನ್‌ನಿಂದ ಬ್ಯಾಂಕ್‌ಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.