ಸಕ್ಕರೆ ನಾಡಿನ ಹಾಲುಹಲ್ಲುಗಳು

ಪಾಂಡವಪುರ ತಾಲ್ಲೂಕಿನ ಅಂಗನವಾಡಿಯೊಂದರಲ್ಲಿ ದಂತ ತಪಾಸಣೆ ನಡೆಸುತ್ತಿದ್ದಾಗಿನ ಮಾತು. ಮೂರೂವರೆ ವರ್ಷದ ಬಾಲಕನೊಬ್ಬನ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ನೋಡಿದೆ. ಮುಂದಿನ ನಾಲ್ಕೂ ಹಲ್ಲುಗಳು ಕೊರೆದು ಕಂದುಬಣ್ಣದ ಮೋಟುಗಳಾಗಿದ್ದವು. ಆದರೆ ಅವುಗಳ ಕೆಳಗಿನ ಸಾಲು ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಿತ್ತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ‘ಹಾಲ್ಹಲ್ಲಲ್ವಾ ಸಾ, ಬಿದ್ದೋಗ್ತವೆ ಬುಡಿ’ ಎಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ದಂತವೈದ್ಯನಾಗಿ ಓಡಾಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದೇ.

ಮೇಲಿನವು ಕೊಳೆತು ಕೆಳಗಿನವು ಉಳಿದದ್ದೇಕೆ? ಮಗು ಬಾಟಲಿ ಚೀಪುವಾಗ ಅದರ ನಾಲಿಗೆ ಕೆಳಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ. ನಾಲಿಗೆಯಡಿಯಿಂದ ಜಿನುಗುವ ಜೊಲ್ಲು ಅವನ್ನು ತೊಳೆಯುತ್ತಿರುತ್ತದೆ. ಮೇಲಿನ ಸಾಲಿಗೆ ಆ ರಕ್ಷಣೆಯಿಲ್ಲ. ನಿದ್ದೆಯಲ್ಲಂತೂ ಜೊಲ್ಲು ಒಸರುವುದೇ ಕಡಿಮೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿದರೆ ಸಕ್ಕರೆ ಬೆರೆತ ಹಾಲು ಹಲ್ಲಿನ ಸುತ್ತ ನಿಂತುಬಿಡುತ್ತದೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂತಹ ಬ್ಯಾಕ್ಟೀರಿಯಗಳು ಆ ಸಕ್ಕರೆಯನ್ನು ಆಮ್ಲವನ್ನಾಗಿಸುತ್ತವೆ. ಆಮ್ಲತೆ ಹೆಚ್ಚಿ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ನಮ್ಮ ಭಾಷೆ ಇದನ್ನು ‘ಹುಳುಕು’ ಎನ್ನುತ್ತದೆ. ಹುಳವನ್ನು ಹೊರಗೆಳೆಯಲು ಬೀಜದ ಹೊಗೆ ಕೊಡುವವರೂ ಹಳ್ಳಿಗಳಲ್ಲಿದ್ದರು. ಹುಳವೆಂಬುದು ಇಲ್ಲ, ನಿಜ. ಆದರೆ ಕಣ್ಣಿಗೆ ಕಾಣದ ಜೀವಿಯೊಂದು ಕೊರೆಯುತ್ತಿದೆ ಎಂಬ ಹಿರಿಯರ ಊಹೆ ತೀರಾ ದೂರದ್ದಾಗಿರಲಿಲ್ಲ. ಈ ಬ್ಯಾಕ್ಟೀರಿಯ ಮಗುವಿಗೆ ದಾಟುವುದು ಬಹುಮಟ್ಟಿಗೆ ಮನೆಯವರಿಂದಲೇ: ತಾಯಿಯೋ ಅಜ್ಜಿಯೋ ತನ್ನ ಬಾಯಿಗಿಟ್ಟು ಬಿಸಿ ನೋಡಿದ ಚಮಚದಿಂದ, ಅಗಿದು ಕೊಟ್ಟ ತುತ್ತಿನಿಂದ.

ಕನ್ನಂಬಾಡಿ ಕಟ್ಟೆಯ ನೀರು, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಮಂಡ್ಯದಲ್ಲಿ ಎದ್ದು ನಿಂತ ಸಕ್ಕರೆ ಕಾರ್ಖಾನೆ – ಇವು ಈ ಜಿಲ್ಲೆಗೆ ‘ಸಕ್ಕರೆ ನಾಡು’ ಎಂಬ ಹೆಸರು ತಂದವು. ಆಲೆಮನೆಯ ಕೊಪ್ಪರಿಗೆಯಿಂದ ಎತ್ತಿದ ಬಿಸಿ ಪಾಕದ ರುಚಿ ಬಲ್ಲವನು ನಾನೂ ಹೌದು. ಆದ್ದರಿಂದ ‘ಬೆಲ್ಲ ಒಳ್ಳೆಯದಲ್ಲವೇ?’ ಎಂದು ತಾಯಂದಿರು ಕೇಳಿದಾಗ ಇಲ್ಲವೆನ್ನಲು ನಾಲಿಗೆ ತಡವರಿಸುತ್ತದೆ. ಹಲ್ಲಿನ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ವ್ಯತ್ಯಾಸವಿಲ್ಲ. ಜೇನುತುಪ್ಪವೂ ಅಷ್ಟೇ, ಮಕ್ಕಳ ಸಿಹಿ ಔಷಧಿಯೂ ಅಷ್ಟೇ.

ಆದರೆ ಆಲೆಮನೆಯೇ ಅಪರಾಧಿಯಾಗಿದ್ದರೆ ನಾಗಮಂಗಲದ ಬೆದ್ದಲು ನೆಲದ, ರಾಗಿ ಹೊಲಗಳ ನಡುವಿನ ಮಕ್ಕಳ ಹಲ್ಲು ಚೆನ್ನಾಗಿರಬೇಕಿತ್ತು. ನಾನು ಕಂಡಂತೆ ಹಾಗಿಲ್ಲ. ಕಬ್ಬು ಬೆಳೆಯದ ಊರಿನಲ್ಲೂ ಪೆಟ್ಟಿಗೆ ಅಂಗಡಿಯ ಮುಂದೆ ಬಣ್ಣಬಣ್ಣದ ಪೊಟ್ಟಣಗಳ ಸರ ತೂಗುತ್ತದೆ. ಇಲ್ಲಿ ಮುಖ್ಯವಾದದ್ದು ಸಿಹಿ ಎಷ್ಟು ಎಂಬುದಕ್ಕಿಂತ ಎಷ್ಟು ಸಲ ಎಂಬುದು. 1945ರಿಂದ 1953ರವರೆಗೆ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು: ಊಟದ ಜೊತೆ ತಿಂದ ಸಕ್ಕರೆ ಮಾಡಿದ ಹಾನಿ ಅಲ್ಪ, ಊಟಗಳ ನಡುವೆ ಮತ್ತೆ ಮತ್ತೆ ತಿಂದ ಅಂಟು ಮಿಠಾಯಿ ಹಲ್ಲನ್ನೇ ತಿಂದುಹಾಕಿತು. (ಆ ಮಿಠಾಯಿ ತಿನ್ನಿಸಿದ್ದು ಒಪ್ಪಿಗೆ ಕೊಡಲಾರದ ಬುದ್ಧಿಮಾಂದ್ಯರಿಗೆ ಎಂಬುದನ್ನು ನಮ್ಮ ವೃತ್ತಿಯವರು ಮರೆಯಬಾರದು.) ಒಮ್ಮೆ ಆಮ್ಲ ಏರಿದರೆ ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಯಾದರೂ ಬೇಕು. ಗಂಟೆಗೊಂದು ಬಿಸ್ಕತ್ತು ತಿನ್ನುವ ಮಗುವಿನ ಬಾಯಿಗೆ ಆ ಬಿಡುವೇ ಸಿಗುವುದಿಲ್ಲ.

ಇನ್ನು ‘ಬಿದ್ದುಹೋಗುವ ಹಲ್ಲಿಗೆ ಚಿಂತೆ ಏಕೆ’ ಎಂಬ ಪ್ರಶ್ನೆ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ; ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ಅವು ಬೇಗ ಹೋದರೆ ಶಾಶ್ವತ ಹಲ್ಲಿನ ಜಾಗ ಕಿರಿದಾಗುತ್ತದೆ. ಅದಕ್ಕಿಂತ ದೊಡ್ಡದು ನೋವು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಹಲ್ಲಿಲ್ಲದ ತಾತನ ಊಟ ಈ ಸೀಮೆಯಲ್ಲಿ ನಿಲ್ಲಲಿಲ್ಲ. ಆದರೆ ಹಲ್ಲುನೋವಿನ ಮಗು ಕಾಳು, ತರಕಾರಿ ಬಿಟ್ಟು ಹಾಲಿನಲ್ಲಿ ನೆನೆಸಿದ ಬಿಸ್ಕತ್ತನ್ನೇ ಕೇಳುತ್ತದೆ. ಅದರಿಂದ ಹುಳುಕು ಇನ್ನಷ್ಟು ಹೆಚ್ಚುತ್ತದೆ. ಎಂಟು ಹತ್ತು ಹಲ್ಲು ಕೆಟ್ಟ ಪುಟ್ಟ ಮಗುವಿಗೆ ಹಲವು ಸಲ ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾಗುತ್ತದೆ. ಅದಕ್ಕೆ ಕೆ.ಆರ್. ಪೇಟೆಯ ಕೂಲಿ ಕುಟುಂಬ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು.

ವೃತ್ತಿಯ ಆರಂಭದಲ್ಲಿ ನಾನು ತಾಯಂದಿರನ್ನು ಗದರುತ್ತಿದ್ದೆ. ಅದು ತಪ್ಪು. ಗಾರ್ಮೆಂಟ್ಸ್ ಬಸ್ಸು ಹತ್ತುವ, ಕಬ್ಬಿನ ಗದ್ದೆಗಿಳಿಯುವ ತಾಯಿಯ ಮಗು ಹಗಲೆಲ್ಲ ಅಜ್ಜಿಯ ಮಡಿಲಲ್ಲಿರುತ್ತದೆ. ಅಳು ನಿಲ್ಲಿಸಲು ಆಕೆಯ ಕೈಗೆ ಸಿಗುವುದು ಬಾಟಲಿ. ಎಳೆಯ ಮಗುವಿನ ಹಲ್ಲು ಉಜ್ಜಬೇಕೆಂದು ಯಾರೂ ಹೇಳಿಲ್ಲ. ಮೊದಲ ಹಲ್ಲು ಮೂಡಿದಂದಿನಿಂದಲೇ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಸಲ ದೊಡ್ಡವರೇ ಉಜ್ಜಬೇಕು; ಮೂರು ವರ್ಷದ ನಂತರ ಬಟಾಣಿ ಕಾಳಿನಷ್ಟು. ಎದೆಹಾಲು ನಿಲ್ಲಿಸಬೇಕಾಗಿಲ್ಲ. ವರ್ಷ ದಾಟಿದ ಮಗುವಿಗೆ ರಾತ್ರಿ ಪದೇ ಪದೇ ಕುಡಿಸುವುದಾದರೆ ಹಲ್ಲಿನ ಶುಚಿಯ ಕಡೆ ಇನ್ನಷ್ಟು ಗಮನವಿರಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ ಭೇಟಿ ಕೊಡಬೇಕು. ಪರೀಕ್ಷಿಸಬೇಕಾದವುಗಳ ಪಟ್ಟಿಯಲ್ಲಿ ದಂತಸಮಸ್ಯೆಯೂ ಇದೆ. ಆದರೆ ಮಗು ಅಂಗನವಾಡಿಯ ಚಾಪೆ ಸೇರುವ ಮೂರನೇ ವರ್ಷಕ್ಕೆ ಮುಂದಿನ ಹಲ್ಲುಗಳ ಕಥೆ ಎಷ್ಟೋ ಸಲ ಮುಗಿದಿರುತ್ತದೆ. ಹುಳುಕಿನ ಮೊದಲ ಗುರುತು ವಸಡಿನಂಚಿನ ಸುಣ್ಣದಂತಹ ಬಿಳಿಗೆರೆ. ಆ ಹಂತದಲ್ಲಿ ಫ್ಲೋರೈಡ್ ವಾರ್ನಿಷ್ ಮತ್ತು ಶುಚಿಯಿಂದ ಅದನ್ನು ಹಿಮ್ಮೆಟ್ಟಿಸಬಹುದು. ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಲಸಿಕೆಗೂ, ಒಂದೂವರೆ ವರ್ಷದ ಹೊತ್ತಿನ ಬೂಸ್ಟರ್‌ಗೂ ಮಗು ಹೇಗೂ ಬರುತ್ತದೆ. ಆಗ ಆರೋಗ್ಯ ಸಹಾಯಕಿ ಮೇಲ್ದುಟಿ ಎತ್ತಿ ನೋಡಿ, ತಾಯಿ ಕಾರ್ಡಿನಲ್ಲಿ ಒಂದು ಗುರುತು ಹಾಕಿದರೆ ಸಾಕು. ಅದಕ್ಕೆ ಯಂತ್ರ ಬೇಡ, ಅರ್ಧ ನಿಮಿಷ ಬೇಕು.

ಆ ಅಜ್ಜಿಯ ಕಂಕುಳಲ್ಲಿ ಇನ್ನೊಂದು ಮೊಮ್ಮಗುವಿತ್ತು, ಹನ್ನೊಂದು ತಿಂಗಳಿನದು. ಅದರ ತುಟಿ ಎತ್ತಿದೆ. ಬಿಳಿಗೆರೆ ಮೂಡಿತ್ತು. ರಾತ್ರಿ ಬಾಟಲಿಗೆ ನೀರು ಮಾತ್ರ ಹಾಕಿ ಎಂದೆ. ‘ನೀರ್ಗೆ ನಿದ್ದೆ ಮಾಡಾನಾ ಇವ್ನು?’ ಎಂದು ಆಕೆ ನಕ್ಕರು. ದಿನಕ್ಕಿಷ್ಟು ಸಕ್ಕರೆ ಕಡಿಮೆ ಮಾಡುತ್ತಾ, ನೀರು ಹೆಚ್ಚಿಸುತ್ತಾ ಬನ್ನಿ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದೊಡ್ಡವನ ಬಾಯನ್ನು ತಾವೇ ಮತ್ತೊಮ್ಮೆ ತೆರೆಸಿ ನೋಡಿದರು.