ಸೀಮೆಸುಣ್ಣದ ಬಂಡೆಯಲ್ಲಿ ಶಾರ್ಕ್ ಹಲ್ಲು

ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ಪಟ್ಟಣದಲ್ಲಿ ಇನ್ನೂರು ವರ್ಷಗಳ ಹಿಂದೆ ಗಿಡಿಯಾನ್ ಮ್ಯಾಂಟೆಲ್ ಎಂಬ ವೈದ್ಯರಿದ್ದರು. ರೋಗಿಗಳನ್ನು ನೋಡಿ ಉಳಿದ ಹೊತ್ತೆಲ್ಲ ಸೀಮೆಸುಣ್ಣದ ಕಲ್ಲು ಕೆರೆಯುವುದಕ್ಕೇ ಮೀಸಲು. ಸುತ್ತಲಿನ ಗಣಿಗಳ ಕೂಲಿಕಾರರು ಕಲ್ಲು ಒಡೆಯುವಾಗ ಸಿಕ್ಕ ಹಲ್ಲು, ಮೀನುಗಳನ್ನು ತೆಗೆದಿಟ್ಟು ಅವರಿಗೆ ಮಾರುತ್ತಿದ್ದರು. 1822ರಲ್ಲಿ ಬಂದ ಅವರ ಗ್ರಂಥದ 42 ಚಿತ್ರಫಲಕಗಳ ಹಿಂದಿದ್ದದ್ದು ಪತ್ನಿ ಮೇರಿ ಆ್ಯನ್ ಅವರ ಕೈ. ಸಂಗ್ರಹ ಬೆಳೆಯುತ್ತಾ ಮನೆಯೇ ಮ್ಯೂಸಿಯಂ ಆಯಿತು. 1839ರಲ್ಲಿ ಮೇರಿ ಆ್ಯನ್ ಮನೆ ಬಿಟ್ಟು ಹೋದರು. ಆ ಸೀಮೆಸುಣ್ಣ ರೂಪುಗೊಂಡ ಕ್ರಿಟೇಷಸ್ ಯುಗದ ಒಂದು ದೊಡ್ಡ ಶಾರ್ಕ್‌ಗೆ ‘ಮ್ಯಾಂಟೆಲ್ಲಿ’ ಎಂಬ ಹೆಸರಿದೆ. ಚಿತ್ರ ಬರೆದವರಿಗೂ ಅದರಲ್ಲಿ ಪಾಲಿದೆ ಎಂದೇ ನನ್ನ ಭಾವನೆ.

ಶಾರ್ಕ್‌ನ ಅಸ್ಥಿಪಂಜರ ಮೃದ್ವಸ್ಥಿಯದು, ಬಹುಮಟ್ಟಿಗೆ ಕೊಳೆತುಹೋಗುತ್ತದೆ. ಗಟ್ಟಿಯಾದ ಹಲ್ಲು ಮಾತ್ರ ಉಳಿಯುತ್ತದೆ, ಅದೂ ಜೀವಮಾನವಿಡೀ ಉದುರುತ್ತಲೇ ಇರುತ್ತದೆ. ಕ್ರಿಟೇಷಸ್ ಯುಗದ ಕಡಲತಳದಲ್ಲಿ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ಉದುರಿದ ಹಲ್ಲುಗಳ ಮೇಲೆ ಬಿದ್ದು ಬಿದ್ದು ಬಂಡೆಯಾದವು.

ಹಲ್ಲು ಬಿಡಿಸಲು ಬೇಕಾದದ್ದು ಒಂದು ಸೂಜಿ, ಮೆತ್ತನೆಯ ಬ್ರಷ್, ಭೂತಗನ್ನಡಿ. ದಡದಲ್ಲಿ ಸಿಕ್ಕಿದ್ದಾದರೆ ಮೊದಲು ಸಿಹಿನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತ ಉಪ್ಪು ಬಿಡಿಸಬೇಕು. ಇಲ್ಲದಿದ್ದರೆ ಒಣಗುವಾಗ ಉಪ್ಪು ಹರಳುಗಟ್ಟಿ ಬಿರುಕು ಬಿಡುತ್ತದೆ. ಆಮೇಲೆ ಸೂಜಿಯನ್ನು ಹಲ್ಲಿನಿಂದ ಹೊರಮುಖವಾಗಿ ನಡೆಸುತ್ತ ಸುಣ್ಣವನ್ನು ಪುಡಿಪುಡಿಯಾಗಿ ತೆಗೆಯಬೇಕು. ಹೊಳಪಿನ ಮೇಲ್ಭಾಗ ಗಟ್ಟಿ, ಬುಡ ಸೂಕ್ಷ್ಮ ರಂಧ್ರಗಳದು. ಬುಡ ಕಾಣುತ್ತಿದ್ದಂತೆ ಅಸಿಟೋನ್‌ನಲ್ಲಿ ಕರಗಿಸಿದ ತೆಳು ಅಂಟನ್ನು ಹನಿಹನಿಯಾಗಿ ಕುಡಿಸುತ್ತಾರೆ. ಬೇಗ ಮುಗಿಯಲೆಂದು ವಿನೆಗರ್ ಸುರಿದರೆ ಸುಣ್ಣದ ಜತೆ ಬುಡವೂ ಹಾಳಾದೀತು. ಟೈಕೋಡಸ್ ಎಂಬ ಶಾರ್ಕ್‌ನ ಹಲ್ಲಿಗೆ ಮೊನೆಯೇ ಇಲ್ಲ. ಚಿಪ್ಪು ಪುಡಿಮಾಡಲೆಂದು ಗೆರೆಗೆರೆಯಾಗಿ ಉಬ್ಬಿದೆ. ಆ ಗೆರೆಗಳ ನಡುವಿನ ಸುಣ್ಣ ತೆಗೆಯುವಾಗಲೇ ತಾಳ್ಮೆಯ ನಿಜವಾದ ಪರೀಕ್ಷೆ.

ಸಸೆಕ್ಸ್‌ನಲ್ಲಿ ಕೈಯಿಂದ ಒಡೆಯುವ ಗಣಿಗಳು ಈಗಿಲ್ಲ. ಯಂತ್ರದ ಬಕೆಟ್ಟಿಗೆ ಕಣ್ಣಿಲ್ಲ. ಹವ್ಯಾಸಿಗಳು ಬಿರುಗಾಳಿಯ ನಂತರ ಕಡಲಬದಿಯ ಬಂಡೆ ಜರಿದು ಬಿದ್ದ ತುಂಡುಗಳಲ್ಲಿ ಹುಡುಕುತ್ತಾರೆ. ಸಂರಕ್ಷಿತ ಜಾಗಗಳಲ್ಲಿ ನಿಂತ ಬಂಡೆಗೆ ಸುತ್ತಿಗೆ ಹಾಕುವಂತಿಲ್ಲ, ಅದು ಸರಿಯೂ ಹೌದು.

ನಮ್ಮ ಪಕ್ಕದ ತಮಿಳುನಾಡಿನ ಅರಿಯಲೂರು ಸುತ್ತಮುತ್ತಲ ಕ್ರಿಟೇಷಸ್ ಶಿಲೆಗಳಲ್ಲೂ ಶಾರ್ಕ್ ಹಲ್ಲುಗಳಿವೆ. ಅಲ್ಲಿನ ಸುಣ್ಣಕಲ್ಲು ಸಿಮೆಂಟಿಗೆ ಹೋಗುತ್ತಿದೆ. ಅತ್ತ ಹೋಗುವ ಭೂವಿಜ್ಞಾನದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಹಲ್ಲು ಸಿಕ್ಕರೆ ಯಾವ ಜಾಗ, ಯಾವ ಪದರ, ಯಾವ ದಿನ ಎಂದು ಅಲ್ಲೇ ಬರೆದಿಡಿ. ವಿಳಾಸವಿಲ್ಲದ ಹಲ್ಲಿನಿಂದ ವಿಜ್ಞಾನಕ್ಕೆ ಆಗುವ ಉಪಯೋಗ ಬಹಳ ಕಡಿಮೆ.